ನೈಸರ್ಗಿಕ ಅನಿಲ: ರಾಮನಗರ ಸೀಮೆ

ಮುಖ್ಯತಃ ಮೀಥೇನಿನಿಂದಾದ ಇಂಧನ. ಕರ್ನಾಟಕದಲ್ಲಿ ಇದರ ಉತ್ಪಾದನೆ ಇಲ್ಲದಿರುವುದರಿಂದ, ಕೊಂಕಣ ತೀರದ ದಾಭೋಳದಿಂದ ಬೆಂಗಳೂರಿನವರೆಗೆ ಗೇಲ್ ಸಂಸ್ಥೆಯು ಹಾಸಿ 2013ರಲ್ಲಿ ಕಾರ್ಯಾರಂಭಗೊಳಿಸಿದ, ಸುಮಾರು 1,000 ಕಿಲೋಮೀಟರ್ ಉದ್ದದ ಕೊಳವೆಮಾರ್ಗವೇ ಈ ಸೀಮೆಗೆ ಮುಖ್ಯಾಧಾರವಾಗಿರುವುದು. ದಾಭೋಳದಲ್ಲಿ, ಸೊನ್ನೆಗಿಂತ 162 ಡಿಗ್ರಿ ಕೆಳಗಿನ ಶೈತ್ಯದಲ್ಲಿ ದ್ರವೀಭೂತವಾಗಿ ಪರದೇಶಗಳಿಂದ ಹಡಗೇರಿ ಬಂದುದನ್ನು ಪುನಃ ಅನಿಲವಾಗಿಸುವರು. ರಾಮನಗರ ಜಿಲ್ಲೆಯ ವಿತರಣಾಧಿಕಾರವು 2018ರ ಒಂಬತ್ತನೆಯ ಹರಾಜು ಸುತ್ತಿನಲ್ಲಿ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಸಂಸ್ಥೆಗೆ ಸಂದಿತು. ಬೇಡಿಕೆಯ ಬಲವೇನೋ ಬಿಡದಿಯ ಕಾರ್ಖಾನೆಗಳದು. ಆದರೆ ಕೂಟಗಲ್ಲಿನಂಥ ಹೋಬಳಿಗಳ ಹಿಪ್ಪುನೇರಳೆ ತೋಟಗಳ ಫಲವಾದ ರೇಷ್ಮೆಗೂಡುಗಳು ಕುದಿನೀರಿನಲ್ಲಿ ಹೊರಳಿ ಎಳೆ ಬಿಡುವ ನೂಲು ಬಿಚ್ಚಾಣಿಕೆಯ ಒಲೆಗಳಲ್ಲಿ ಸೌದೆ ಇನ್ನೂ ಉರಿಯುವುದುಂಟು. ಯುಕ್ರೇನ್ ಯುದ್ಧದಿಂದ 2022ರಲ್ಲಿ ಗಗನಕ್ಕೇರಿದ ಅನಿಲದ ಬೆಲೆಯನ್ನು ನೆನೆದರೆ, ಸೌದೆ ಬಿಟ್ಟು ಅನಿಲಕ್ಕೆ ಹೊರಳಲು ಸಣ್ಣ ಬಿಚ್ಚಾಣಿಕೆದಾರನು ತೋರುವ ಹಿಂಜರಿಕೆಯನ್ನು ಅವಿವೇಕವೆನ್ನಲಾಗದು.