ಕಂಪನಿ ಕ್ಯಾಂಪಿನಲ್ಲಿ ಕ್ಯಾನ್ಸರ್ ತಪಾಸಣೆ: ರಿಪೋರ್ಟ್ ಯಾರ ಕೈಗೆ ಹೋಗುತ್ತೆ?

ಕೆಲಸದ ಜಾಗಕ್ಕೇ ಡಾಕ್ಟರು ಬಂದು ಪುಕ್ಕಟೆ ಕ್ಯಾನ್ಸರ್ ತಪಾಸಣೆ ಮಾಡ್ತೀವಿ ಅಂದರೂ ಎಷ್ಟೋ ಕಾರ್ಮಿಕರು ‘ಆಮೇಲೆ ನೋಡೋಣ’ ಅಂತ ಜಾರಿಕೊಳ್ಳುತ್ತಾರೆ. ‘ಅರಿವಿಲ್ಲ’ ಅನ್ನೋದು ಇದಕ್ಕೆ ಸಿದ್ಧ ಉತ್ತರ. ಅದು ಅರ್ಧ ಸತ್ಯ ಮಾತ್ರ.

ತಪಾಸಣೆ ನಮ್ಮಲ್ಲಿ ಕಡಿಮೆ ಅನ್ನೋದು ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21) ಪ್ರಕಾರ, ದೇಶದ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಒಮ್ಮೆಯಾದರೂ ಆಗಿದ್ದು ಶೇ 1.9 ಮಂದಿಗೆ. ಸ್ತನ ಮತ್ತು ಬಾಯಿ ಕ್ಯಾನ್ಸರ್ ತಪಾಸಣೆ ತಲಾ ಶೇ 0.9. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಈ ಮೂರೂ ಇವೆ. ದೊಡ್ಡ ಯಂತ್ರ ಬೇಕಿಲ್ಲ: ಬಾಯಿಯನ್ನು ಕಣ್ಣಲ್ಲಿ, ಸ್ತನವನ್ನು ಕೈಯಲ್ಲಿ ಪರೀಕ್ಷಿಸುತ್ತಾರೆ, ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ನೋಡುತ್ತಾರೆ. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಈ ಅಸಿಟಿಕ್ ಆಮ್ಲದ ಪರೀಕ್ಷೆ ಮಾಡಿಸಿದಾಗ, ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು.

ಈಗ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಲೈನ್ ನೆನೆಸಿಕೊಳ್ಳಿ. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಅರ್ಧ ಗಂಟೆ ಎದ್ದು ಹೋದರೆ ಪಕ್ಕದವಳ ಮೇಲೆ ಹೊರೆ, ಸೂಪರ್‌ವೈಸರ್ ಬಾಯಿ ಬೇರೆ. ಬಟ್ಟೆ ಸಡಿಲಿಸಿ ಮಲಗಬೇಕಾದ್ದು ಫ್ಯಾಕ್ಟರಿಯ ಯಾವುದೋ ರೂಮಿನ ಪರದೆ ಹಿಂದೆ. ಯಾರನ್ನು ಎರಡನೇ ಸಲ ಕರೆದರು ಅನ್ನೋದು ಸಂಜೆಯೊಳಗೆ ಇಡೀ ಲೈನಿಗೆ ಗೊತ್ತು. ಅದಕ್ಕಿಂತ ದೊಡ್ಡ ಭಯ, ರಿಪೋರ್ಟ್ ಎಚ್‌ಆರ್ ಟೇಬಲ್ಲಿಗೆ ಹೋದರೆ ಕೆಲಸ ಉಳಿಯುತ್ತಾ?

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2011ರ ಐಟಿ ನಿಯಮಗಳು ವೈದ್ಯಕೀಯ ದಾಖಲೆಯನ್ನು ‘ಸೂಕ್ಷ್ಮ’ ಮಾಹಿತಿ ಎಂದು ಬೇರೆ ಇಟ್ಟಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಮೇಲಾಗಿ ಅದರ 7ನೇ ಕಲಂ, ‘ಉದ್ಯೋಗದ ಉದ್ದೇಶ’ಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಲು ದಾರಿ ಬಿಡುತ್ತದೆ. ಎಚ್‌ಐವಿ ಇರುವವರನ್ನು ಕೆಲಸದಿಂದ ತೆಗೆಯದಂತೆ 2017ರ ಕಾಯ್ದೆ ತಡೆಯುತ್ತದೆ. ಕ್ಯಾನ್ಸರಿಗೆ ಅಂಥದ್ದೊಂದು ಪ್ರತ್ಯೇಕ ಕಾನೂನು ಯಾಕಿಲ್ಲ?

ಹಾಗಾಗಿ ಕ್ಯಾಂಪಿಗೆ ಎಷ್ಟು ಜನ ಬಂದರು ಅಂತ ಪೋಸ್ಟರ್ ಹಾಕುವ ಮೊದಲು ಕಂಪನಿಯನ್ನು, ಯೂನಿಯನ್ನನ್ನು ಕೇಳಬೇಕಾದ್ದಿದೆ. ತಪಾಸಣೆಯ ಹೊತ್ತಿಗೆ ಸಂಬಳವಿದೆಯಾ, ಟಾರ್ಗೆಟ್ ಇಳಿಸುತ್ತಾರಾ? ಪರೀಕ್ಷಿಸುವವರು ಮಹಿಳೆಯಾ? ಫಲಿತಾಂಶ ಆಕೆಯ ಕೈಗೆ ಮಾತ್ರ ಕೊಟ್ಟು, ಕಂಪನಿಗೆ ಬರೀ ಒಟ್ಟು ಸಂಖ್ಯೆ ಕೊಡ್ತಾರಾ? ಅನುಮಾನ ಬಂದರೆ ಮುಂದಿನ ಬಯಾಪ್ಸಿ ಎಲ್ಲಿ, ಯಾರ ಖರ್ಚಲ್ಲಿ?

ಇನ್ನೊಂದು ವಿಷಯ ಕ್ಯಾಂಪಿನ ದಿನವೇ ಹೇಳಬೇಕು: ಇಎಸ್‌ಐ ಇರುವವರಿಗೆ ಕ್ಯಾನ್ಸರ್ ಬಂದರೆ, ವಂತಿಗೆಯ ಷರತ್ತು ಪೂರೈಸಿದ್ದಲ್ಲಿ, ಕೂಲಿಯ ಶೇ 80ರಷ್ಟು ಹಣ ಎರಡು ವರ್ಷದವರೆಗೆ ಸಿಗುತ್ತದೆ.