ಸ್ಯಾದ್ವಾದ, ಸಂಭಾವ್ಯತೆ ಮತ್ತು ರೋಗನಿರ್ಣಯ

ಜೈನದರ್ಶನದ ಸಪ್ತಭಂಗಿಯು ಆಧುನಿಕ ಸಂಭಾವ್ಯತಾ ಸಿದ್ಧಾಂತಕ್ಕೆ ಸಮೀಪವಾದುದೆಂದು ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸರು 1954ರಲ್ಲಿ ಬರೆದರು. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರು 1957ರಲ್ಲಿ ಭಾರತಕ್ಕೆ ಬಂದು ಅವರ ಸಂಸ್ಥೆಯನ್ನು ಸೇರಿದರು. ಅದೇ ವರ್ಷ 'ಸಂಖ್ಯಾ' ಪತ್ರಿಕೆಯಲ್ಲಿ ಸ್ಯಾದ್ವಾದವನ್ನು ಕುರಿತು ಅವರ ಲೇಖನವೂ ಪ್ರಕಟವಾಯಿತು. ಅತಿ ಕ್ಷೀಣವಾದ ಬೆಳಕನ್ನು ತೋರಿಸಿದಾಗ ನೋಡುವವನು ಒಮ್ಮೆ 'ಉಂಟು' ಎನ್ನುವನು, ಒಮ್ಮೆ 'ಇಲ್ಲ' ಎನ್ನುವನು, ಒಮ್ಮೆ ಏನನ್ನೂ ಹೇಳಲಾರನು. ಇದೇ ಅವಕ್ತವ್ಯ.

1965ರಲ್ಲಿ ಲಾಟ್ಫಿ ಜಾದೆಯವರ 'ಫಜಿ' ಗಣಗಳು ಬಂದವು. ಅಲ್ಲಿ ಸತ್ಯವು ಸೊನ್ನೆಗೂ ಒಂದಕ್ಕೂ ನಡುವೆ ಎಷ್ಟಾದರೂ ಇರಬಹುದು. ಆದರೆ ಇವೆಲ್ಲವೂ ಸ್ಯಾದ್ವಾದವೇ ಎಂದು ಹಿಗ್ಗುವುದು ಅವಸರದ ಮಾತು. 'ಸ್ಯಾತ್' ಎಂದರೆ 'ಬಹುಶಃ' ಅಲ್ಲ, 'ಒಂದು ಅಪೇಕ್ಷೆಯಿಂದ' ಎಂದರ್ಥ. ಅದನ್ನು ಸಂಶಯವಾದವೆಂದು ಹಳಿದವರಿಗೆ ಆಚಾರ್ಯರು ಹಿಂದೆಯೇ ಉತ್ತರವಿತ್ತಿದ್ದಾರೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಂಡುಬರುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅವರಿಗೆ ವೈದ್ಯಸೇವೆ ನೀಡುತ್ತ ಬಂದಿದೆ. ದೋಷವುಳ್ಳ ಒಂದೇ ವಂಶವಾಹಿಯನ್ನು ಪಡೆದವನು ದೇಹದ ಅಪೇಕ್ಷೆಯಿಂದ ಸಾಮಾನ್ಯವಾಗಿ ನಿರೋಗಿ, ಸಂತತಿಯ ಅಪೇಕ್ಷೆಯಿಂದ ರೋಗವಾಹಕ. ಅವನಿಗೆ 'ರೋಗಿ' ಎಂದರೆ ಮದುವೆಗೆ ಕಂಟಕ; 'ಏನೂ ಇಲ್ಲ' ಎಂದು ಕಳುಹಿಸಿದರೆ ಹುಟ್ಟಲಿರುವ ಕೂಸಿಗೆ ಅನ್ಯಾಯ. ಎರಡೂ ಅರ್ಧಸತ್ಯವೇ. ಇನ್ನು ಗಣಿತದ ಮಾತು: ತಂದೆತಾಯಿಗಳಿಬ್ಬರೂ ವಾಹಕರಾದರೆ ಮಗುವಿಗೆ ರೋಗ ತಗಲುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂದು ತಿಳಿಯಬಾರದು. ಪ್ರತಿ ಬಸಿರಿನಲ್ಲಿಯೂ ಲೆಕ್ಕ ಅದೇ.