ವಯಸ್ಕರ ಇಂಗ್ಲಿಷ್ ಶಿಕ್ಷಣ: ಮೈಸೂರಿನ ಬೋಧಕವರ್ಗದ ಚರಿತ್ರೆ

ಕಾಲೇಜು, ಸಂಜೆ ಕಾಲೇಜು, ಅಂಚೆ ಶಿಕ್ಷಣ, ಅಧ್ಯಾಪಕರ ತರಬೇತಿ, ಸ್ಪೋಕನ್ ಇಂಗ್ಲಿಷ್ ತರಗತಿ ಹೀಗೆ ಮೈಸೂರು ನಗರದಲ್ಲಿ ಪ್ರೌಢ ವಯಸ್ಸಿನವರು ಇಂಗ್ಲಿಷ್ ಕಲಿತ ದಾರಿಗಳು ಹಲವು. ಅಲ್ಲಿ ಕಲಿಸಿದವರು ಯಾವ ಜಾತಿ, ಲಿಂಗ, ಪ್ರಾಂತ ಮತ್ತು ಮಾತೃಭಾಷೆಗೆ ಸೇರಿದ್ದರು ಎಂಬುದು ಈ ಲೇಖನದ ವಸ್ತು. ಭಾಷಾಬೋಧನೆಯ ವಿಧಾನಗಳಿಗಿಂತ ಸರ್ಕಾರಿ ನೇಮಕಾತಿಯ ನಿಯಮಗಳೇ ಈ ಬೋಧಕವರ್ಗದ ಸ್ವರೂಪವನ್ನು ಹೆಚ್ಚಾಗಿ ಬದಲಿಸಿವೆ.

ಆರಂಭ
ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ನಗರದಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಅದೇ ಮಹಾರಾಜ ಕಾಲೇಜಾಗಿ ಬೆಳೆಯಿತು. ವೆಸ್ಲಿಯನ್ ಮಿಷನ್ನಿನವರೂ ಇಂಗ್ಲಿಷ್ ಬೋಧನೆಯಲ್ಲಿ ತೊಡಗಿದರು. ಅಂಬಳೆ ನರಸಿಂಹ ಅಯ್ಯಂಗಾರ್ಯರ ಶ್ರಮದಿಂದ 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯೂ ಕಾಲಕ್ರಮದಲ್ಲಿ ಕಾಲೇಜಾಯಿತು. ಶ್ರೀರಂಗಮ್ಮ ಮತ್ತು ಕೆ.ಡಿ. ರುಕ್ಮಿಣಿಯಮ್ಮ 1906ರಲ್ಲಿ ಇಲ್ಲಿಂದ ಬಿ.ಎ. ಮುಗಿಸಿ ಸಂಸ್ಥಾನದ ಮೊದಲ ಮಹಿಳಾ ಪದವೀಧರರಾದರು. ಸ್ಥಳೀಯ ಮಹಿಳೆಯರು ಅಧ್ಯಾಪನ ವೃತ್ತಿಗೆ ಬರಲು ಬೇಕಾದ ಅರ್ಹತೆ ಈ ಸಂಸ್ಥೆಯಿಂದ ದೊರೆಯುವಂತಾಯಿತು.

ವಿಶ್ವವಿದ್ಯಾನಿಲಯದ ಮೊದಲ ದಶಕಗಳು
1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಮಹಾರಾಜ ಕಾಲೇಜಿನ ಬೋಧಕರಲ್ಲಿ ಪ್ರಾಂತೀಯ ವೈವಿಧ್ಯ ಎದ್ದು ಕಾಣತೊಡಗಿತು. ಇಂಗ್ಲಿಷ್ ವಿಭಾಗದಲ್ಲಿ ಜೆ.ಸಿ. ರಾಲೊ, ಈಗಲ್ಟನ್ ಅವರಂಥ ಬ್ರಿಟಿಷರ ಜೊತೆ ಬಿ.ಎಂ. ಶ್ರೀಕಂಠಯ್ಯ, ಎಸ್.ವಿ. ರಂಗಣ್ಣ, ಎ.ಎನ್. ಮೂರ್ತಿರಾವ್ ಅವರಂಥ ಕನ್ನಡಿಗರು ಪಾಠ ಹೇಳಿದರು. ಬೇರೆ ವಿಷಯಗಳ ಪಾಠವೂ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ತತ್ತ್ವಶಾಸ್ತ್ರದ ಎಸ್. ರಾಧಾಕೃಷ್ಣನ್ ಮತ್ತು ಪಾರ್ಸಿ ಸಮುದಾಯದ ಎ.ಆರ್. ವಾಡಿಯಾ ಕೂಡ ವಿದ್ಯಾರ್ಥಿಗಳ ಇಂಗ್ಲಿಷನ್ನು ತಿದ್ದಿದವರೇ. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ತಂದೆ, ತಮಿಳು ಮನೆತನದ ಕೃಷ್ಣಸ್ವಾಮಿ ಅಯ್ಯರ್, ಮಹಾರಾಜ ಕಾಲೇಜಿಗೆ ಸೇರಿದ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು.

ಈ ವೈವಿಧ್ಯ ಪ್ರಾಂತ ಮತ್ತು ಭಾಷೆಗಳ ಮಟ್ಟಿಗೆ ನಿಂತಿತು. ಭಾರತೀಯ ಅಧ್ಯಾಪಕರಲ್ಲಿ ಬಹುಪಾಲು ಬ್ರಾಹ್ಮಣರಾಗಿದ್ದರು. ಇಂಗ್ಲಿಷ್ ಪದವಿಯೇ ಸರ್ಕಾರಿ ಹುದ್ದೆಗೆ ಅರ್ಹತೆಯಾಗಿದ್ದುದರಿಂದ, ಮೊದಲು ಇಂಗ್ಲಿಷ್ ಕಲಿತ ಸಮುದಾಯವೇ ಮುಂದೆ ಅದನ್ನು ಕಲಿಸುವ ಸ್ಥಾನಗಳಲ್ಲೂ ನೆಲೆನಿಂತಿತು.

ಮಿಲ್ಲರ್ ಸಮಿತಿ
1917ರಲ್ಲಿ ಹುಟ್ಟಿದ ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಲಿ ಈ ಅಸಮತೋಲವನ್ನು ರಾಜಕೀಯ ಪ್ರಶ್ನೆಯಾಗಿಸಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಹಿಂದುಳಿದ ಸಮುದಾಯದವರು ಇರಬೇಕೆಂದು ಸಮಿತಿ ಹೇಳಿತು. ಬ್ರಾಹ್ಮಣರು, ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರನ್ನು ಬಿಟ್ಟು ಉಳಿದವರೆಲ್ಲ ಈ ಎಣಿಕೆಗೆ ಸೇರಿದರು. 1921ರ ಸರ್ಕಾರಿ ಆದೇಶದೊಂದಿಗೆ ಈ ತತ್ತ್ವ ಜಾರಿಗೆ ಬಂತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಿರಲಿಲ್ಲ. ಅವರು ಹುದ್ದೆ ಬಿಡಲು ಅದೂ ಒಂದು ಕಾರಣವೆನ್ನಲಾಗುತ್ತದೆ.

ಆದೇಶ ಬಂದ ಕೂಡಲೇ ಬೋಧಕವರ್ಗ ಬದಲಾಗಲಿಲ್ಲ. ಇಂಗ್ಲಿಷ್ ಬೋಧಕರಾಗಲು ಸ್ನಾತಕೋತ್ತರ ಪದವಿ ಬೇಕಿತ್ತು. ಅದನ್ನು ಪಡೆದ ಬ್ರಾಹ್ಮಣೇತರರ ತಲೆಮಾರು ಸಿದ್ಧವಾಗಲು ಕಾಲ ಹಿಡಿಯಿತು.

ಎರಡು ಕವಲು
1940ರ ದಶಕದಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕೈಗೊಂಡ ಸಾಕ್ಷರತಾ ಕೆಲಸದಿಂದ ವಯಸ್ಕರ ಶಿಕ್ಷಣ ಸಮಿತಿ ರೂಪುಗೊಂಡಿತು. ಮೈಸೂರೇ ಅದರ ಕೇಂದ್ರ. ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ಮತ್ತು ವಿದ್ಯಾಪೀಠಗಳ ಮೂಲಕ ಅದು ಕನ್ನಡದಲ್ಲೇ ಕೆಲಸ ಮಾಡಿತು. ಹೀಗೆ ಅಕ್ಷರ ಬಾರದ ವಯಸ್ಕರಿಗೆ ಕನ್ನಡ, ಓದಿದವರಿಗೆ ಇಂಗ್ಲಿಷ್ ಎಂಬ ವಿಭಜನೆ ಗಟ್ಟಿಯಾಯಿತು. ಸಾಕ್ಷರತಾ ಕಾರ್ಯಕರ್ತರಾಗಲು ಉನ್ನತ ಪದವಿ ಬೇಕಿರಲಿಲ್ಲ. ಇಂಗ್ಲಿಷ್ ಬೋಧಕರ ಹುದ್ದೆಗೆ ಅದಿಲ್ಲದೆ ಪ್ರವೇಶವಿರಲಿಲ್ಲ.

ಸ್ವಾತಂತ್ರ್ಯಾನಂತರ
1957ರಲ್ಲಿ ಸಿ.ಡಿ. ನರಸಿಂಹಯ್ಯ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದರು. ಕೇಂಬ್ರಿಡ್ಜಿನಲ್ಲಿ ಓದಿ ಬಂದ ಅವರು ಇಂಗ್ಲಿಷಿನಲ್ಲಿ ಬರೆಯುವ ಭಾರತೀಯರ ಕೃತಿಗಳಿಗೂ ತರಗತಿಯಲ್ಲಿ ಜಾಗ ಮಾಡಿಕೊಟ್ಟರು. 1979ರಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಎಚ್.ಎಚ್. ಅಣ್ಣಯ್ಯಗೌಡ ಕಾಮನ್‌ವೆಲ್ತ್ ಸಾಹಿತ್ಯದ ಅಧ್ಯಯನವನ್ನು ಬೆಳೆಸಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರೇಟ್ ಪಡೆದ ಯು.ಆರ್. ಅನಂತಮೂರ್ತಿ ಇಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡದಲ್ಲಿ ಬರೆದರು. ಈ ಹೊತ್ತಿಗೆ ಇಂಗ್ಲಿಷ್ ಪಾಠಕ್ಕೆ ಇಂಗ್ಲೆಂಡಿನವರೇ ಬೇಕೆಂಬ ನಂಬಿಕೆ ಉಳಿದಿರಲಿಲ್ಲ.

1963ರಲ್ಲಿ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪಕ್ಕ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ದಕ್ಷಿಣದ ರಾಜ್ಯಗಳ ಅಧ್ಯಾಪಕರನ್ನು ಒಂದೆಡೆ ತಂದಿತು. 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಡಿ.ಪಿ. ಪಟ್ಟನಾಯಕರ ನಿರ್ದೇಶನದಲ್ಲಿ ಮೈಸೂರಿನಲ್ಲಿ ನೆಲೆಗೊಂಡಿತು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಶಾಲಾ ಅಧ್ಯಾಪಕರಿಗೆ ಕನ್ನಡ, ತಮಿಳು, ತೆಲುಗು, ಮಲಯಾಳಂಗಳನ್ನು ಎರಡನೆಯ ಭಾಷೆಯಾಗಿ ಕಲಿಸಿತು. ಬೇರೆ ಬೇರೆ ಭಾಷಿಕ ಬೋಧಕರು ಒಂದೇ ಆವರಣದಲ್ಲಿ ಕೆಲಸ ಮಾಡುವ ಪರಿಪಾಠ ನಗರಕ್ಕೆ ಹೀಗೆ ರೂಢಿಯಾಯಿತು.

ಮೀಸಲಾತಿ ಮತ್ತು ದೂರಶಿಕ್ಷಣ
ಸಂವಿಧಾನ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾತಿ ಕೊಟ್ಟಿತು. ದೇವರಾಜ ಅರಸು ಸರ್ಕಾರ 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರ ಆದೇಶ ಹಿಂದುಳಿದ ವರ್ಗಗಳ ಮೀಸಲಾತಿಗೆ ಹೊಸ ವರ್ಗೀಕರಣ ತಂದಿತು. ದಲಿತ ಹಾಗೂ ಹಿಂದುಳಿದ ಸಮುದಾಯಗಳ ಪದವೀಧರರು ಸರ್ಕಾರಿ ಕಾಲೇಜುಗಳ ಇಂಗ್ಲಿಷ್ ವಿಭಾಗಗಳಿಗೂ ಬರಲು ಇದರಿಂದ ದಾರಿಯಾಯಿತು.

ಅಂಚೆ ಶಿಕ್ಷಣ ಆರಂಭವಾದದ್ದೂ ಸುಮಾರಿಗೆ ಇದೇ ಕಾಲದಲ್ಲಿ. 1969ರಲ್ಲಿ ವಿಶ್ವವಿದ್ಯಾನಿಲಯ ತೆರೆದ ಅಂಚೆ ಶಿಕ್ಷಣ ಸಂಸ್ಥೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನೌಕರರು, ಗೃಹಿಣಿಯರು, ಹಳ್ಳಿಯ ಶಾಲಾ ಮೇಷ್ಟರು ಬೋಧಕ ಹುದ್ದೆಗೆ ಬೇಕಾದ ಇಂಗ್ಲಿಷ್ ಎಂ.ಎ. ಪದವಿಯನ್ನು ಮನೆಯಲ್ಲಿದ್ದೇ ಪಡೆಯುವಂತಾಯಿತು. ಮುಕ್ತ ವಿಶ್ವವಿದ್ಯಾನಿಲಯಕ್ಕಿದ್ದ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ 2015ರಲ್ಲಿ ರದ್ದಾಗಿ 2018ರಲ್ಲಿ ಮರಳಿ ದೊರೆಯುವವರೆಗೆ ಈ ದಾರಿಗೆ ತೊಡಕುಂಟಾಯಿತು.

ಖಾಸಗಿ ವಲಯ
1990ರ ದಶಕದ ನಂತರ ಸ್ಪೋಕನ್ ಇಂಗ್ಲಿಷ್ ತರಗತಿಗಳೂ ಕಂಪನಿಗಳ ತರಬೇತಿ ಕೇಂದ್ರಗಳೂ ಹೆಚ್ಚಿದವು. ಇನ್ಫೋಸಿಸ್‌ನ ಮೈಸೂರು ಆವರಣದಲ್ಲಿ ದೇಶದ ನಾನಾ ಭಾಗಗಳ ಪದವೀಧರರು ತಾಂತ್ರಿಕ ವಿಷಯಗಳ ಜೊತೆ ಸಂವಹನ ಕೌಶಲವನ್ನೂ ಕಲಿಯುತ್ತಾರೆ. ಖಾಸಗಿ ತರಗತಿಗಳ ನೇಮಕಾತಿಗೆ ಮೀಸಲಾತಿಯ ರೋಸ್ಟರ್ ಇಲ್ಲ, ಕಾಲೇಜು ಅಧ್ಯಾಪಕರಾಗಲು ಬರೆಯುವ ಎನ್‌ಇಟಿ ಅಥವಾ ಕೆಸೆಟ್ ಪರೀಕ್ಷೆಯ ಅರ್ಹತೆಯೂ ಕಡ್ಡಾಯವಲ್ಲ. ಹೀಗಾಗಿ ಸ್ನಾತಕೋತ್ತರ ಪದವಿ ಇಲ್ಲದವರಿಗೂ ಬೋಧಕರಾಗುವ ಅವಕಾಶ ಸಿಕ್ಕಿದೆ. ಆದರೆ ಯಾರಿಗೆ ಕೆಲಸ ಕೊಡಬೇಕೆಂಬುದು ಮಾಲೀಕರ ಆಯ್ಕೆಗೆ ಬಿಟ್ಟದ್ದು. ಇಂಗ್ಲಿಷ್ ಮಾಧ್ಯಮದ ಉಚ್ಚಾರವನ್ನೇ ಅರ್ಹತೆಯೆಂದು ಎಣಿಸಿದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಹಿಂದುಳಿಯುತ್ತಾರೆ. ಮಿಲ್ಲರ್ ಸಮಿತಿಯ ಕಾಲದಿಂದ ಸರ್ಕಾರಿ ಹುದ್ದೆಗಳಿಗೆ ಇರುವ ಪ್ರಾತಿನಿಧ್ಯದ ಲೆಕ್ಕ, ವಯಸ್ಕರ ಇಂಗ್ಲಿಷ್ ಕಲಿಕೆಯ ಈ ಭಾಗವನ್ನು ಇನ್ನೂ ತಲುಪಿಲ್ಲ.